ಇಂಚಿನ ಲೆಕ್ಕ, ಗಂಟೆಯ ಲೆಕ್ಕ

ಕೊಡಗಿನಲ್ಲಿ ಮಳೆಗಾಲ ಹಿಡಿಯಿತೆಂದರೆ ಫೋನಿನಲ್ಲಿ ಮೊದಲ ಮಾತೇ "ಎಷ್ಟಾಯ್ತು?" ಏನು ಎಷ್ಟಾಯ್ತು ಅಂತ ಕೇಳುವವರೂ ಬಿಡಿಸುವುದಿಲ್ಲ, ಹೇಳುವವರೂ ಬಿಡಿಸುವುದಿಲ್ಲ. "ನಮ್ಮಲ್ಲಿ ಮೂರು ನಲವತ್ತು ಅಣ್ಣ, ನಿಮ್ಮಲ್ಲಿ?" "ನಾಲ್ಕು ಹತ್ತು." ಮೂರು ಇಂಚು ನಲವತ್ತು ಸೆಂಟು, ನಾಲ್ಕು ಇಂಚು ಹತ್ತು ಸೆಂಟು ಮಳೆ ಅಂತ ಅರ್ಥ; ಇಂಚಿನ ನೂರನೇ ಒಂದು ಭಾಗ ಒಂದು ಸೆಂಟು. ದೇಶವೆಲ್ಲ ಮಿಲಿಮೀಟರಿಗೆ ಹೋಗಿ ದಶಕಗಳೇ ಆದರೂ ಕಾಫಿ ತೋಟಗಳಲ್ಲಿ ಇವತ್ತಿಗೂ ಇಂಚು-ಸೆಂಟಿನದ್ದೇ ಲೆಕ್ಕ. ದೊಡ್ಡ ಎಸ್ಟೇಟುಗಳಲ್ಲಿ ರೈಟರ್ ಬರೆಯುತ್ತಾರೆ, ಸಣ್ಣ ತೋಟಗಳಲ್ಲಿ ಮನೆಯ ಹಿರಿಯರು. ಚೇರಂಬಾಣೆ ಕಡೆಯ ನಮ್ಮ ತೋಟದಲ್ಲಿ ಈ ಕೆಲಸ ಅಪ್ಪನದು. ಬೆಳಿಗ್ಗೆ ಎದ್ದು ಮಳೆಮಾಪಕದ ಆಲಿಕೆ ತೆಗೆದು, ಒಳಗಿನ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ, ಪುಸ್ತಕದಲ್ಲಿ ಬರೆದ ಮೇಲೆಯೇ ಅವರಿಗೆ ಕಾಫಿ ರುಚಿಸುವುದು.

ಮೂರು ತಲೆಮಾರಿನ ಮಳೆ ಪುಸ್ತಕ ಇಟ್ಟುಕೊಂಡಿರುವ ಮನೆಗಳು ನಮ್ಮಲ್ಲಿ ಅಪರೂಪವೇನಲ್ಲ. ಭಾಗಮಂಡಲದ ಕಡೆ ವರ್ಷಕ್ಕೆ ಇನ್ನೂರು ಇಂಚು ದಾಟುವುದು ಮಾಮೂಲಿ. ಅಲ್ಲಿಂದ ರಸ್ತೆಯಲ್ಲಿ ಎರಡು ಗಂಟೆ ದೂರದ ಕುಶಾಲನಗರದಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಇಂಥ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಮಳೆಯ ಬಗ್ಗೆ ಒಂದು ಹೆಮ್ಮೆ, ಅದರ ಜೊತೆಗೆ ಒಂದು ಸಲಿಗೆ ಇರುತ್ತದೆ. "ನಾವು ನೋಡದ ಮಳೆಯಾ?" ಎನ್ನುವ ಮಾತನ್ನು ನಾನು ಕೇಳಿಕೊಂಡೇ ಬೆಳೆದೆ. ಬೆಟ್ಟಗಳು ಕುಸಿದ 2018ರ ಆಗಸ್ಟ್ ಆದ ಮೇಲೆ ಆ ಮಾತು ಕಿವಿಗೆ ಬಿದ್ದರೆ ಎದೆ ಧಸಕ್ ಅನ್ನುತ್ತದೆ. ವರ್ಷದ ಇಂಚು ತೋಟದ ಲೆಕ್ಕಕ್ಕೆ ಸರಿಯಾಗಿಯೇ ಇದೆ. ಜೀವದ ಲೆಕ್ಕಕ್ಕೆ ಅದು ಸಾಲದು. ಅದಕ್ಕೆ ಬೇಕಾದ್ದು ಈ ಮಳೆ ಎಂಥ ಮೋಡದಿಂದ ಬಂತು, ಎಷ್ಟು ಗಂಟೆಯಲ್ಲಿ ಬಂತು, ಎಂಥ ನೆಲದ ಮೇಲೆ ಬಿತ್ತು ಎನ್ನುವುದು. ಏಪ್ರಿಲ್‌ನ ಎರಡು ಇಂಚು, ಆಗಸ್ಟ್‌ನ ಎರಡು ಇಂಚು, ಡಿಸೆಂಬರ್‌ನ ಎರಡು ಇಂಚು ಪುಸ್ತಕದಲ್ಲಿ ಒಂದೇ ಥರ ಕಾಣುತ್ತವೆ. ಹೊರಗೆ ಮೂರೂ ಬೇರೆ ಬೇರೆ.

ಏಪ್ರಿಲ್‌ನದ್ದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದನ್ನು ನಾವು ಕೈಮುಗಿದು ಕರೆಯುತ್ತೇವೆ. ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ, ಮೊದಲು ರೋಬಸ್ಟಾಕ್ಕೆ, ಆಮೇಲೆ ಅರೇಬಿಕಾಕ್ಕೆ ಹೂಮಳೆ ಬೇಕು. ಒಂದು ಇಂಚಿನಷ್ಟು ಒಳ್ಳೆಯ ಮಳೆ ಬಿದ್ದರೆ ವಾರ-ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ ಅರಳಿ, ಊರಿಗೆ ಊರೇ ಘಮ್ಮೆನ್ನುತ್ತದೆ. ಆದರೆ ಹೂಮಳೆ ಸುಮ್ಮನೆ ಬರುವುದಿಲ್ಲ, ಗುಡುಗು-ಸಿಡಿಲಿನ ಜೊತೆಗೇ ಬರುತ್ತದೆ. ಬೆಳೆ ಕೊಡುವ ಮೋಡವೂ ಜೀವ ತೆಗೆಯುವ ಮೋಡವೂ ಅಲ್ಲಿ ಒಂದೇ.

ಅದು ಹುಟ್ಟುವ ಬಗೆ ಇಷ್ಟು. ಬೇಸಿಗೆಯ ಬಿಸಿಲಿಗೆ ನೆಲ ಕಾದು ಅದಕ್ಕೆ ತಾಗಿದ ಗಾಳಿ ಹಗುರಾಗಿ ಮೇಲೇಳುತ್ತದೆ. ಆ ಗಾಳಿಯಲ್ಲಿ ಸಮುದ್ರದ ಕಡೆಯಿಂದ ಬಂದ ತೇವ ಇದ್ದರೆ, ಮೇಲೇರಿದಂತೆ ತಣಿದು ಆವಿ ಹನಿಯಾಗುತ್ತದೆ. ಆವಿ ಹನಿಯಾಗುವಾಗ ತನ್ನೊಳಗಿನ ಶಾಖವನ್ನು ಸುತ್ತಲಿನ ಗಾಳಿಗೆ ಬಿಟ್ಟುಕೊಡುತ್ತದೆ. ಗಾಳಿ ಮತ್ತೂ ಹಗುರಾಗಿ ಮತ್ತೂ ಮೇಲೆ ನುಗ್ಗುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಕುಶಾಲನಗರದ ದಿಕ್ಕಿನಲ್ಲಿ ಹತ್ತಿಯ ಗುಡ್ಡೆಯಷ್ಟಿದ್ದ ಮೋಡ ಮೂರು ಗಂಟೆಗೆ ಹನ್ನೆರಡು-ಹದಿನೈದು ಕಿಲೋಮೀಟರ್ ಎತ್ತರಕ್ಕೆ ಬೆಳೆದು ನಿಂತಿರುತ್ತದೆ. ತಡಿಯಂಡಮೋಳ್ ನಮ್ಮ ಜಿಲ್ಲೆಯ ಅತಿ ಎತ್ತರದ ಬೆಟ್ಟ, 1748 ಮೀಟರ್. ಅಂಥ ಏಳೆಂಟು ಬೆಟ್ಟಗಳನ್ನು ಒಂದರ ಮೇಲೊಂದು ಇಟ್ಟ ಎತ್ತರ. ಆ ಮೋಡದ ತಲೆಯಲ್ಲಿ ಏಪ್ರಿಲ್‌ನ ಸೆಖೆಯಲ್ಲೂ ಮಂಜುಗಡ್ಡೆ ಇರುತ್ತದೆ. ಮೇಲೇರುವ ಸಣ್ಣ ಹಿಮಕಣಗಳಿಗೂ ಕೆಳಗಿಳಿಯುವ ದಪ್ಪ ಹಿಮದುಂಡೆಗಳಿಗೂ ತಿಕ್ಕಾಟವಾಗಿ ವಿದ್ಯುತ್ತು ಬೇರ್ಪಡುತ್ತದೆ. ಸಾಮಾನ್ಯವಾಗಿ ತಳದಲ್ಲಿ ಋಣ, ತಲೆಯಲ್ಲಿ ಧನ. ಆ ಅಂತರ ಗಾಳಿ ತಡೆಯಲಾರದಷ್ಟಾದಾಗ ಮಿಂಚು. ಅದು ಹಾಯುವ ದಾರಿಯ ಗಾಳಿ ಕ್ಷಣಮಾತ್ರದಲ್ಲಿ 30,000 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದು ಸಿಡಿಯುತ್ತದೆ. ಆ ಸಿಡಿತದ ಸದ್ದೇ ಗುಡುಗು.

ಸಿಡಿಲು ಹೊಡೆದ ಸಿಲ್ವರ್ ಓಕ್ ಮರವನ್ನು ಹತ್ತಿರದಿಂದ ನೋಡಿದವರಿಗೆ ಈ ಬಿಸಿಯ ಅಂದಾಜು ಸಿಗುತ್ತದೆ. ನಮ್ಮ ಮೇಲಿನ ತೋಟದಲ್ಲಿ ಅಂಥದೊಂದಿತ್ತು. ತುದಿಯಿಂದ ಬುಡದವರೆಗೆ ಅಂಗೈ ಅಗಲದ ಒಂದೇ ಪಟ್ಟಿಯಾಗಿ ತೊಗಟೆ ಕಿತ್ತು ಹೋಗಿತ್ತು. ಕಿತ್ತು ಬಂದ ಚೂರುಗಳು ದೂರದ ಕಾಫಿ ಗಿಡಗಳ ಮೇಲೆಲ್ಲ ಬಿದ್ದಿದ್ದವು. ಮರದ ಒಳಗಿನ ರಸ ಒಮ್ಮೆಲೇ ಆವಿಯಾಗಿ ತೊಗಟೆಯನ್ನು ಒಳಗಿನಿಂದ ಹೊರಕ್ಕೆ ಎಸೆದ ಗುರುತು ಅದು. ಒಳಮರ ಹಸಿಯಾಗಿ, ಬೆಳ್ಳಗೆ, ತಟ್ಟಿದರೆ ತೇವ ಬರುವಂತಿತ್ತು. ಮರಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿ ಮೊದಲ ದಿನ ಹಸಿರಾಗಿಯೇ ಇತ್ತು. ವಾರದಲ್ಲಿ ಎಲೆ ಕಂದಿತು, ಆಮೇಲೆ ಬಳ್ಳಿ ಪೂರ್ತಿ ಕರಟಿತು. ಸುತ್ತಲಿನ ಕೆಲವು ಕಾಫಿ ಗಿಡಗಳೂ ಒಣಗಿದವು. ಮರಕ್ಕೆ ಬಡಿದ ಸಿಡಿಲು ಮರದಲ್ಲೇ ಮುಗಿಯುವುದಿಲ್ಲ, ಬೇರು ಹಿಡಿದು ನೆಲಕ್ಕಿಳಿದು ಸುತ್ತ ಹರಡುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಮರದ ಕೆಳಗೆ ನಿಂತ ದನಗಳು ಒಟ್ಟೊಟ್ಟಿಗೆ ಸಾಯುವುದೂ ಇದೇ ಕಾರಣಕ್ಕೆ. ನೆಲದಲ್ಲಿ ಹರಿಯುವ ವಿದ್ಯುತ್ತು ಮುಂಗಾಲಿನಲ್ಲಿ ಹತ್ತಿ ಹಿಂಗಾಲಿನಲ್ಲಿ ಇಳಿಯುವಾಗ ಎದೆಯನ್ನು ಹಾದು ಹೋಗುತ್ತದೆ. ಕಾಲುಗಳ ನಡುವಿನ ಅಂತರ ಹೆಚ್ಚಾದಷ್ಟೂ ಹೊಡೆತ ಹೆಚ್ಚು. ಮನುಷ್ಯರಿಗೂ ಅಷ್ಟೇ. ಮಳೆ ಬಂತೆಂದು ಮರದಡಿಗೆ ಓಡುವುದು ನಮ್ಮ ತೋಟಗಳಲ್ಲಿ ಎಷ್ಟು ಸಹಜ ಎಂದರೆ, ಅದು ತಪ್ಪು ಎಂದು ಹೇಳಿದರೆ ಕೆಲಸದವರು "ಮತ್ತೆಲ್ಲಿಗೆ ಹೋಗುವುದು ಅಕ್ಕ?" ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಉತ್ತರ ಕೊಡಬೇಕಾದವರು ತೋಟದ ಮಾಲೀಕರು. ಭಾರತದಲ್ಲಿ ಸಿಡಿಲಿಗೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಸಾಯುತ್ತಾರೆ. ಅವರಲ್ಲಿ ಬಹುಪಾಲು ಹೊಲ, ತೋಟ, ಬಯಲಿನಲ್ಲಿ ದುಡಿಯುವವರು. ಮೆಣಸು ಕೊಯ್ಲಿನ ಕೊನೆಯ ಹಂತವೂ ಹೂಮಳೆಯ ಕಾಲವೂ ನಮ್ಮಲ್ಲಿ ಒಂದರ ಮೇಲೊಂದು ಬೀಳುತ್ತವೆ. ಮೂವತ್ತು ಅಡಿಯ ಅಲ್ಯುಮಿನಿಯಂ ಏಣಿಯ ತುದಿಯಲ್ಲಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು, ಎತ್ತರದ ಮರಕ್ಕೆ ಒರಗಿ ನಿಂತಿರುವ ಮನುಷ್ಯನಿಗೆ ದೂರದ ಗುಡುಗು ಕೇಳಿಸಿದರೆ ಅವನು ಯಾರ ಅಪ್ಪಣೆಗೂ ಕಾಯದೆ ಇಳಿಯಬೇಕು. ಆ ದಿನದ ಕೂಲಿ ಮುರಿಯುವುದಿಲ್ಲ ಎಂದು ಅವನಿಗೆ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ "ಇದೊಂದು ಬಳ್ಳಿ ಮುಗಿಸಿ ಇಳಿಯೋಣ" ಅಂತಲೇ ಆಗುತ್ತದೆ.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂದು ತಿಳಿಯುತ್ತದೆ. ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಹತ್ತು ಕಿಲೋಮೀಟರ್ ಒಳಗಿದೆ, ಅಂದರೆ ಮುಂದಿನದು ನಿಮ್ಮ ತಲೆಯ ಮೇಲೇ ಬೀಳಬಹುದು. ಮೋಡ ತಲೆಯ ಮೇಲೆ ಬಂದಿರಬೇಕೆಂದೇನೂ ಇಲ್ಲ. ಗೋಡೆ, ತಾರಸಿ ಇರುವ ಮನೆ ಅಥವಾ ಗಾಜು ಏರಿಸಿದ ಕಾರು, ಇವೆರಡೇ ನಂಬಿಕೆಯ ಜಾಗ. ನಾಲ್ಕು ಕಂಬದ ಮೇಲೆ ಶೀಟು ಹೊದಿಸಿದ ಶೆಡ್ಡು ಮಳೆಗೆ ಆದೀತು, ಸಿಡಿಲಿಗೆ ಆಗದು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಬರಬಾರದು. ಸಿಡಿಲು ತಗುಲಿ ಬಿದ್ದವರನ್ನು ಮುಟ್ಟಿದರೆ ನಮಗೂ ಶಾಕ್ ಹೊಡೆಯುತ್ತದೆ ಎಂಬ ಹೆದರಿಕೆ ಊರಲ್ಲಿ ಬಹಳ ಇದೆ. ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ಕೂಡಲೇ ಎದೆ ಒತ್ತಲು ಶುರು ಮಾಡಬೇಕು. ಸತ್ತರೆಂದು ಬಿಟ್ಟವರಲ್ಲಿ ಬದುಕಬಹುದಾದವರೂ ಇರುತ್ತಾರೆ.

ನನ್ನ ಅಜ್ಜಿ ಗುಡುಗಿದಾಗಲೆಲ್ಲ ಅರ್ಜುನನ ಹತ್ತು ಹೆಸರು ಹೇಳಿಸುತ್ತಿದ್ದರು. ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ... ಮಕ್ಕಳೆಲ್ಲ ನಡುಮನೆಯಲ್ಲಿ ಗೋಡೆ ಬಿಟ್ಟು ಕೂತು ಒಟ್ಟಿಗೆ ಹೇಳಬೇಕಿತ್ತು. ಹೊರಗೆ ಆಡುತ್ತಿದ್ದವರನ್ನೂ ಕರೆದು ಒಳಗೆ ಕೂರಿಸುತ್ತಿದ್ದರು. ಮಕ್ಕಳನ್ನು ಮನೆಯೊಳಗೆ ತರುವ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಇವತ್ತಿಗೂ ಕಂಡಿಲ್ಲ.

ಇನ್ನು ಚಂಡಮಾರುತ. ಸಮುದ್ರವೇ ಇಲ್ಲದ ಜಿಲ್ಲೆಗೆ ಚಂಡಮಾರುತದ ಚಿಂತೆ ಯಾಕೆ ಎಂದು ಕೇಳುವವರಿದ್ದಾರೆ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತ ಪುದುಚೇರಿಯ ಹತ್ತಿರ ದಡ ಮುಟ್ಟಿತು. ನಮ್ಮಿಂದ ನಾನೂರು ಕಿಲೋಮೀಟರಿಗೂ ಆಚೆ. ದಡ ಮುಟ್ಟಿ ಬಲ ಕಳೆದುಕೊಂಡ ಮೇಲೆ ಅದರ ಉಳಿಕೆ ಒಳನಾಡನ್ನು ದಾಟಿ ಅರಬ್ಬೀ ಸಮುದ್ರದ ಕಡೆ ಸರಿಯಿತು. ಆ ಡಿಸೆಂಬರ್ ಮೊದಲ ದಿನಗಳಲ್ಲಿ ಕೊಡಗಿನ ಕಣಗಳಲ್ಲೆಲ್ಲ ಅರೇಬಿಕಾ ಹರಡಿತ್ತು. ಟಾರ್ಪಾಲಿನ ಕೆಳಗೆ ರಾಶಿ ಮಾಡಿಟ್ಟ ಹಣ್ಣು ಬಿಸಿಯಾಗಿ ಬೂಸಲು ಹಿಡಿಯುವ ವಾಸನೆ ಒಂದು ಕಡೆ, ಗಿಡದಲ್ಲಿದ್ದ ಹಣ್ಣು ಒಡೆದು ಉದುರುವುದು ಇನ್ನೊಂದು ಕಡೆ. ಅಕಾಲದಲ್ಲಿ ನೆನೆದ ರೋಬಸ್ಟಾ ಗಿಡದಲ್ಲಿ ಕಾಯಿ ಕೊಯ್ಯುವ ಮುಂಚೆಯೇ ಹೂವು ಬರುವ ಕಷ್ಟವೂ ಇದರ ಹಿಂದೆಯೇ ಬರುತ್ತದೆ. ಹೂವಿಗೆ ನೋವಾಗದಂತೆ ಕಾಯಿ ಕೊಯ್ಯಲು ಬರುವುದಿಲ್ಲ. ಗಾಳಿ ಪುದುಚೇರಿಯವರಿಗೆ, ತೇವ ನಮಗೆ.

ಚಂಡಮಾರುತಕ್ಕೂ ಬೇಸಿಗೆಯ ಗುಡುಗು ಮೋಡಕ್ಕೂ ಇಂಧನ ಒಂದೇ, ಆವಿ ಹನಿಯಾಗುವಾಗ ಬಿಡುವ ಶಾಖ. ಆದರೆ ಗುಡುಗು ಮೋಡ ಹತ್ತಿಪ್ಪತ್ತು ಕಿಲೋಮೀಟರ್ ಅಗಲಕ್ಕೆ ಹರಡಿ, ಒಂದೆರಡು ಗಂಟೆ ಆರ್ಭಟಿಸಿ ಮುಗಿಯುತ್ತದೆ. ಸಮುದ್ರದ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದು, ಕೆಳಗಿನ ಗಾಳಿಗೂ ಮೇಲಿನ ಗಾಳಿಗೂ ವೇಗದಲ್ಲಿ, ದಿಕ್ಕಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ ಅಂಥ ಮೋಡಗಳ ಗುಂಪು ಚದುರದೆ ಒಂದೇ ಕಡೆ ನಿಲ್ಲುತ್ತದೆ. ಕೆಳಗೆ ವಾಯುಭಾರ ಕುಸಿಯುತ್ತದೆ, ಸುತ್ತಲಿನ ಗಾಳಿ ಒಳಕ್ಕೆ ನುಗ್ಗುತ್ತದೆ. ಭೂಮಿ ತಿರುಗುವುದರಿಂದ ಆ ಗಾಳಿ ನೇರ ಬಾರದೆ ಬಾಗುತ್ತದೆ. ನಮ್ಮ ಅರ್ಧಗೋಳದಲ್ಲಿ ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತದೆ. ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಭಾರತೀಯ ಹವಾಮಾನ ಇಲಾಖೆ ಅದನ್ನು ಚಂಡಮಾರುತ ಎಂದು ಕರೆದು ಹೆಸರಿಡುತ್ತದೆ. ನೆಲಕ್ಕೆ ಬಂದರೆ ಬೆಚ್ಚಗಿನ ನೀರಿನ ಪೂರೈಕೆ ನಿಂತು ಗಾಳಿ ಸೋಲುತ್ತದೆ, ಆದರೆ ಹೊತ್ತು ತಂದ ತೇವ ಎಲ್ಲಾದರೂ ಬೀಳಲೇಬೇಕು.

ಮಳೆಗಾಲದ ನಡುವೆ, ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ನಮ್ಮ ಸಮುದ್ರಗಳಲ್ಲಿ ದೊಡ್ಡ ಚಂಡಮಾರುತ ಏಳುವುದು ಅಪರೂಪ. ಕೆಳಗೆ ಪಶ್ಚಿಮದ ಗಾಳಿ, ಮೇಲೆ ಪೂರ್ವದ ಗಾಳಿ ಜೋರಾಗಿ ಎದುರು-ಬದುರು ಬೀಸುವುದರಿಂದ ಗೋಪುರದಂಥ ಮೋಡದ ತಲೆ ಹಾರಿಹೋಗುತ್ತದೆ. ಹಾಗಾಗಿ ಚಂಡಮಾರುತಗಳ ಕಾಲ ಎರಡು: ಮಳೆಗಾಲದ ಮುಂಚೆ, ಮಳೆಗಾಲದ ನಂತರ. ಮುಂಚಿನದು ನಮ್ಮ ಮುಂಗಾರನ್ನೇ ಏರುಪೇರು ಮಾಡಬಲ್ಲದು. 2021ರ ಮೇ ತಿಂಗಳಲ್ಲಿ ತೌಕ್ತೆ ಕರಾವಳಿಗುಂಟ ಗುಜರಾತಿಗೆ ಹೋಗುವಾಗ ದಾರಿಯುದ್ದಕ್ಕೂ ಮಳೆ ಸುರಿಯಿತು. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಬಂದಾಗ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದೇ 8ನೇ ತಾರೀಕು, ಆಮೇಲೂ ಸೊರಗಿತ್ತು. ಆ ವರ್ಷ ಕರ್ನಾಟಕದ ಬಹುಪಾಲು ತಾಲ್ಲೂಕುಗಳು ಬರದ ಪಟ್ಟಿ ಸೇರಿದವು. ಅರಬ್ಬೀ ಸಮುದ್ರ ಬೆಚ್ಚಗಾಗುತ್ತಿದೆ, ಅಲ್ಲಿ ಏಳುವ ಚಂಡಮಾರುತಗಳು ಮೊದಲಿಗಿಂತ ಬಲವಾಗುತ್ತಿವೆ ಎಂದು ವಿಜ್ಞಾನಿಗಳು ಹೇಳುತ್ತಿದ್ದಾರೆ. 2019ರ ಅಕ್ಟೋಬರ್ ಕೊನೆಗೆ ಕ್ಯಾರ್, ಮಹಾ ಎಂಬ ಎರಡು ಚಂಡಮಾರುತಗಳು ಅಲ್ಲಿ ಒಂದೇ ಹೊತ್ತಿಗೆ ಸುತ್ತುತ್ತಿದ್ದವು. ಮಡಿಕೇರಿಯಿಂದ ಆ ಸಮುದ್ರ ಹಕ್ಕಿ ಹಾರುವ ದಾರಿಯಲ್ಲಿ ಎಪ್ಪತ್ತು ಕಿಲೋಮೀಟರ್ ಆಸುಪಾಸು ಅಷ್ಟೇ.

ಇಷ್ಟೆಲ್ಲ ಹೇಳಿದರೂ ಕೊಡಗಿನಲ್ಲಿ ಅತಿ ಹೆಚ್ಚು ಜೀವ ತೆಗೆದದ್ದು ಸಿಡಿಲೂ ಅಲ್ಲ, ಚಂಡಮಾರುತವೂ ಅಲ್ಲ. ಅದು ಗುಡುಗೇ ಇಲ್ಲದ ಆಗಸ್ಟ್ ಮಳೆ. ಮುಂಗಾರು ಮೋಡಗಳು ಇಲ್ಲಿ ಹೆಚ್ಚು ಎತ್ತರಕ್ಕೆ ಬೆಳೆಯುವುದಿಲ್ಲ. ಪಶ್ಚಿಮದ ಗಾಳಿ ಘಟ್ಟಕ್ಕೆ ಅಪ್ಪಳಿಸಿ ಮೇಲೇರಿ ಅಲ್ಲಲ್ಲೇ ಸುರಿಯುತ್ತದೆ. ಮೋಡದಲ್ಲಿ ಮಂಜುಗಡ್ಡೆ ಕಡಿಮೆ, ಹಾಗಾಗಿ ಮಿಂಚೂ ಕಡಿಮೆ. ಆಕಾಶ ಒಂದು ಸಲವೂ ಗದರುವುದಿಲ್ಲ. ರಾತ್ರಿಯಿಡೀ ಹೆಂಚಿನ ಮೇಲೆ ಒಂದೇ ಸಮನೆ ಸದ್ದು, ಅದೂ ಅಭ್ಯಾಸವಾಗಿ ಜೋಂಪು ಹತ್ತುತ್ತದೆ. ಸಿಡಿಲಿಗೆ ಹೆದರಿ ಒಳಗೆ ಓಡುವ ನಾವು ಈ ಮಳೆಗೆ ಹೊದ್ದು ಮಲಗುತ್ತೇವೆ.

2018ರ ಆಗಸ್ಟ್ 15ರಿಂದ 17ರ ನಡುವೆ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಮೊಣ್ಣಂಗೇರಿ ಕಡೆ ಬೆಟ್ಟಗಳು ಕುಸಿದವು. ಆಶ್ಲೇಷ ಮಳೆ ಮುಗಿದು ಮಘೆ ಕಾಲಿಡುವ ಹೊತ್ತು. "ಮಘೆ ಮಳೆ ಬಂದಷ್ಟೂ ಮೇಲು, ಮನೆ ಮಗ ಉಂಡಷ್ಟೂ ಮೇಲು" ಎಂದು ಗಾದೆ ಕಟ್ಟಿದ ಬಯಲುಸೀಮೆಯ ರೈತನಿಗೆ ಅದು ನಿಜವೇ. ಘಟ್ಟದ ಇಳಿಜಾರಿನಲ್ಲಿ ಮನೆ ಕಟ್ಟಿದವರಿಗೆ ಆ ಗಾದೆ ಹೊಂದುವುದಿಲ್ಲ. ಮರುವರ್ಷ ಆಗಸ್ಟ್‌ನಲ್ಲಿ ತೋರ ಮತ್ತು ಕೋರಂಗಾಲ. ಅದರ ಮರುವರ್ಷ, 2020ರ ಆಗಸ್ಟ್ 6ರಂದು ತಲಕಾವೇರಿಯ ಗಜಗಿರಿ ಬೆಟ್ಟ ಜಾರಿ ಅರ್ಚಕರ ಮನೆಯೇ ಹೋಯಿತು.

ಈ ಮೂರು ವರ್ಷಗಳ ಹವಾಮಾನವನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಮೂರು ಸಲವೂ ಅದೇ ದಿನಗಳಲ್ಲಿ ಬಂಗಾಳ ಕೊಲ್ಲಿಯ ಉತ್ತರ ಭಾಗದಲ್ಲಿ, ಒಡಿಶಾದ ಕಡೆ, ವಾಯುಭಾರ ಕುಸಿತ ಎದ್ದಿತ್ತು. ಸಾವಿರ ಕಿಲೋಮೀಟರಿಗೂ ಆಚೆ ಒತ್ತಡ ಕುಸಿದಾಗ ಆ ತಗ್ಗಿನ ಕಡೆಗೆ ಅರಬ್ಬೀ ಸಮುದ್ರದ ಗಾಳಿ ಇನ್ನಷ್ಟು ಬಿರುಸಾಗಿ ನುಗ್ಗುತ್ತದೆ. ಆ ಗಾಳಿಗೆ ಅಡ್ಡ ನಿಂತಿರುವುದು ಪಶ್ಚಿಮ ಘಟ್ಟ. ಬೆಟ್ಟ ಹತ್ತುವ ಗಾಳಿಯ ವೇಗ ಹೆಚ್ಚಾದಷ್ಟೂ ಅದು ಇಳಿಸುವ ನೀರೂ ಹೆಚ್ಚು. ಪ್ರತಿ ಸಲ ಒಡಿಶಾದಲ್ಲೇ ಏಳಬೇಕೆಂದಿಲ್ಲ, ಕರಾವಳಿಗುಂಟ ಚಾಚುವ ತಗ್ಗು ಒಂದೇ ಸಾಕಾದದ್ದೂ ಇದೆ. ಆದರೂ ಆಗಸ್ಟ್‌ನಲ್ಲಿ "ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ" ಎಂಬ ಸುದ್ದಿ ಓದಿದರೆ ಅದು ಒಡಿಶಾದವರ ಸುದ್ದಿ ಎಂದು ಪುಟ ತಿರುವಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ನೆಲದ ಕಡೆಗೂ ನೋಡಬೇಕು. ಜೂನ್, ಜುಲೈ ಪೂರ್ತಿ ಕುಡಿದ ಮಣ್ಣಿಗೆ ಆಗಸ್ಟ್ ಬರುವಾಗ ಇನ್ನು ಹಿಡಿಸುವುದಿಲ್ಲ. ನಮ್ಮ ಗುಡ್ಡಗಳಲ್ಲಿ ಗಟ್ಟಿ ಬಂಡೆಯ ಮೇಲೆ ಶಿಥಿಲಗೊಂಡ ಮಣ್ಣಿನ ದಪ್ಪ ಪದರವಿದೆ. ಅದರ ಸಂದುಗಳೆಲ್ಲ ನೀರು ತುಂಬಿದಾಗ ಆ ನೀರೇ ಕಣಗಳನ್ನು ಒಂದರಿಂದೊಂದು ದೂಡುತ್ತದೆ. ಹಿಡಿತ ಹೋಗುತ್ತದೆ, ತೂಕ ಏರುತ್ತದೆ. ಒಂದು ಎಕರೆಯ ಮೇಲೆ ಎಂಟು ಇಂಚು ಮಳೆ ಎಂದರೆ ಎಂಟು ಲಕ್ಷ ಲೀಟರಿಗೂ ಹೆಚ್ಚು ನೀರು, ತೂಕದಲ್ಲಿ ಎಂಟುನೂರು ಟನ್ನು. ಅಷ್ಟೂ ಮಣ್ಣಿನಲ್ಲಿ ಉಳಿಯುವುದಿಲ್ಲ, ಹರಿದು ಹೋಗುತ್ತದೆ, ನಿಜ. ಹರಿಯುವ ದಾರಿಯನ್ನು ನಾವು ಮುಚ್ಚಿದ್ದರೆ? ಜೆಸಿಬಿಯಲ್ಲಿ ಬರೆ, ಅಂದರೆ ಗುಡ್ಡದ ಕಡಿದಾದ ಅಂಚು, ಕಡಿದು ಮನೆಗೆ, ರಸ್ತೆಗೆ, ಹೋಂಸ್ಟೇಗೆ ಜಾಗ ಸಮ ಮಾಡುವಾಗ ಗುಡ್ಡದ ಬುಡಕ್ಕಿದ್ದ ಆಸರೆಯನ್ನೇ ತೆಗೆದಿರುತ್ತೇವೆ. ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಅಡ್ಡವಾಗಿ ಮಣ್ಣು ತುಂಬಿರುತ್ತೇವೆ. ಜಿಲ್ಲೆಯಲ್ಲೇ ಅತಿ ಹೆಚ್ಚು ಮಳೆಯ ಊರುಗಳೆಂದು ಹೆಸರಾದ ಭಾಗಮಂಡಲದ ಸುತ್ತ ಅಲ್ಲದೆ ಮಡಿಕೇರಿಯ ಸುತ್ತ 2018ರಲ್ಲಿ ಅಷ್ಟು ಕಡೆ ಕುಸಿಯಿತಲ್ಲ, ವರ್ಷದ ಇಂಚು ಅಪಾಯದ ಅಳತೆಯಲ್ಲ ಎನ್ನುವುದಕ್ಕೆ ಅದೇ ನನ್ನ ದೊಡ್ಡ ಆಧಾರ.

ಕುಸಿಯುವ ಮುಂಚೆ ಗುಡ್ಡ ಕೆಲವು ಸುಳಿವು ಕೊಡುತ್ತದೆ. ತೋಟದ ನೆಲದಲ್ಲಿ ಅಡ್ಡಡ್ಡ ಬಿರುಕು. ನೆಟ್ಟಗಿದ್ದ ವಿದ್ಯುತ್ ಕಂಬ, ಸಿಲ್ವರ್ ಓಕ್ ವಾಲುವುದು. ಬಾಗಿಲು, ಕಿಟಕಿ ಒಮ್ಮೆಲೇ ಹಿಡಿದುಕೊಳ್ಳುವುದು. ಬರೆಯ ಬುಡದಲ್ಲಿ ಹೊಸ ಒರತೆ ಕಣ್ಣು ಬಿಡುವುದು. ತಿಳಿಯಾಗಿ ಹರಿಯುತ್ತಿದ್ದ ತೋಡು ಕೆಂಪಾಗುವುದು. ಎಲ್ಲಕ್ಕಿಂತ ಕೆಟ್ಟದ್ದು, ಜೋರು ಮಳೆಯಲ್ಲೂ ತೋಡಿನ ನೀರು ಇದ್ದಕ್ಕಿದ್ದಂತೆ ಕಡಿಮೆಯಾಗುವುದು. ಮೇಲೆಲ್ಲೋ ಮಣ್ಣು ಬಿದ್ದು ಕಟ್ಟಿಕೊಂಡಿದೆ ಎಂದರ್ಥ. ಅಂಥ ಹೊತ್ತಿನಲ್ಲಿ ನೋಡಿ ಬರುತ್ತೇನೆಂದು ಮೇಲೆ ಹೋಗಬಾರದು.

ಎಚ್ಚರಿಕೆಗಳ ವಿಷಯ. ರೆಡ್ ಅಲರ್ಟ್ ಎಂದರೆ ಶಾಲೆಗೆ ರಜೆ ಎನ್ನುವಲ್ಲಿಗೆ ನಮ್ಮ ತಿಳಿವಳಿಕೆ ನಿಂತಿದೆ, ಇದು ನನಗೆ ಬೇಸರದ ಸಂಗತಿ. ಇಲಾಖೆಯ ಲೆಕ್ಕವನ್ನು ನಮ್ಮ ಇಂಚಿಗೆ ತಂದರೆ ಹೀಗೆ: ಬೆಳಿಗ್ಗೆ ಎಂಟೂವರೆಯಿಂದ ಮರುದಿನ ಎಂಟೂವರೆವರೆಗೆ 64.5 ಮಿಲಿಮೀಟರ್, ಅಂದರೆ ಎರಡೂವರೆ ಇಂಚು ದಾಟಿದರೆ ಭಾರಿ ಮಳೆ. 115.6, ಅಂದರೆ ನಾಲ್ಕೂವರೆ ಇಂಚು ಮುಟ್ಟಿದರೆ ಅತಿ ಭಾರಿ. 204.4, ಅಂದರೆ ಎಂಟು ಇಂಚು ದಾಟಿದರೆ ಅತ್ಯಂತ ಭಾರಿ. ಹಳದಿ ಬಣ್ಣಕ್ಕೆ ಗಮನವಿಡಿ, ಕಿತ್ತಳೆಗೆ ಸಿದ್ಧರಾಗಿ, ಕೆಂಪಿಗೆ ಹೆಜ್ಜೆ ಇಡಿ ಎಂದು ಅರ್ಥ. "ನಮ್ಮಲ್ಲಿ ನಾಲ್ಕು ಇಂಚು ಯಾವಾಗಲೂ ಬೀಳುತ್ತದೆ" ಎಂಬುದು ಸರಿ. ಆ ನಾಲ್ಕು ಇಂಚು ಎರಡನೇ ದಿನವೂ ಮೂರನೇ ದಿನವೂ ಬಿತ್ತೇ ಎಂಬುದನ್ನು ಯಾವ ಬಣ್ಣವೂ ಹೇಳುವುದಿಲ್ಲ. ಬಣ್ಣ ಇಡೀ ಜಿಲ್ಲೆಯದ್ದು, ನಿಮ್ಮ ಮನೆ ಹಿಂದಿನ ಬರೆಯದ್ದಲ್ಲ.

"ಹೇಳಿದ್ದು ಒಂದು, ಆದದ್ದು ಒಂದು" ಎಂದು ಇಲಾಖೆಯನ್ನು ಬೈಯುವವರಿಗೆ ಇನ್ನೊಂದು ಮಾತು. ಚಂಡಮಾರುತ ನೂರಾರು ಕಿಲೋಮೀಟರ್ ಅಗಲ, ದಿನಗಟ್ಟಲೆ ಬದುಕುತ್ತದೆ, ಹಾಗಾಗಿ ಅದರ ದಾರಿಯನ್ನು ಕೆಲವು ದಿನ ಮೊದಲೇ ಹೇಳಬಹುದು. 1999ರ ಒಡಿಶಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರಲ್ಲಿ ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದ್ದರಿಂದ ಸಾವು ಹತ್ತಾರರಲ್ಲೇ ನಿಂತಿತು. ಗುಡುಗು ಮೋಡ ಹಾಗಲ್ಲ. ಅದು ಮಧ್ಯಾಹ್ನ ಹುಟ್ಟಿ ಸಂಜೆಗೆ ಸಾಯುತ್ತದೆ. ನಾಪೋಕ್ಲಿಗೆ ಬಿದ್ದ ಆಲಿಕಲ್ಲು ಮೂರ್ನಾಡಿಗೆ ಬೀಳದಿರಬಹುದು. ಇದಕ್ಕೆ ಎರಡು-ಮೂರು ಗಂಟೆಯ ಮುನ್ಸೂಚನೆಯೇ ಹೆಚ್ಚು. ಪುಣೆಯ ಹವಾಮಾನ ಸಂಸ್ಥೆಯ ದಾಮಿನಿ, ನಮ್ಮ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸಿಡಿಲು ಆ್ಯಪ್ ಇರುವುದು ಅದಕ್ಕಾಗಿ. ತೋಟದಲ್ಲಿ ಒಬ್ಬರ ಮೊಬೈಲಿನಲ್ಲಾದರೂ ಇರಲಿ; ನೆಟ್‌ವರ್ಕ್ ಸಿಗದ ಕಡೆ ಕಿವಿಯೇ ಗತಿ.

ಗುಡ್ಡದ ವಿಷಯದಲ್ಲಿ ನಮ್ಮ ರಸ್ತೆಯ ಮನೆಯವರು ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ಅಪ್ಪನ ಪುಸ್ತಕದಲ್ಲಿ ದಿನದ ಅಳತೆಯ ಪಕ್ಕ ಈಗ ಹಿಂದಿನ ಮೂರು ದಿನದ ಮೊತ್ತವನ್ನೂ ಬರೆಯುತ್ತೇವೆ. ಅದು ಹನ್ನೆರಡು ಇಂಚು ದಾಟಿ ಮಳೆ ಇನ್ನೂ ಹಿಡಿದೇ ಇದ್ದರೆ ಬರೆಯ ಕೆಳಗಿನ ಎರಡು ಮನೆಯವರು ಮೇಲಿನ ಮನೆಗೆ ಬರಬೇಕು. ಹನ್ನೆರಡು ನಮ್ಮ ಅಂದಾಜು, ನಮ್ಮ ಬರೆಗೆ ಮಾತ್ರ. ಬೇರೆ ಇಳಿಜಾರಿಗೆ ಅದಕ್ಕಿಂತ ಕಡಿಮೆಯೇ ಸಾಕಾಗಬಹುದು. ನಮ್ಮ ಕಡೆ ಒಂದೇ ಮಳೆಗಾಲದಲ್ಲಿ ಈ ಮೊತ್ತ ಹಲವು ಸಲ ಬರುತ್ತದೆ, ಹಾಗಾಗಿ ಹೆಚ್ಚಿನ ಸಲ ಏನೂ ಆಗದೆ ವಾಪಸು ಹೋಗುವುದೇ. "ಮೊನ್ನೆ ಬಂದದ್ದೂ ಸುಮ್ಮನೇ ಆಯ್ತಲ್ಲ" ಎಂದು ಕೆಳಗಿನ ಮನೆಯ ದೊಡ್ಡಮ್ಮ ಗೊಣಗುತ್ತಾರೆ. "ಸುಮ್ಮನೇ ಆಗಲಿ ಅಂತಲೇ ಬರೋದು ದೊಡ್ಡಮ್ಮ, ಊಟಕ್ಕೆ ಏಳಿ" ಎನ್ನುತ್ತಾರೆ ಅಮ್ಮ. ಬರುವಾಗ ಔಷಧಿ, ಟಾರ್ಚು, ಕಾಗದ-ಪತ್ರದ ಚೀಲ, ಮರುದಿನಕ್ಕೊಂದು ಬಟ್ಟೆ ಸಾಕು. ಕೊಟ್ಟಿಗೆಯ ದನಗಳ ಹಗ್ಗ ಬಿಚ್ಚಿ ಬರಬೇಕು. ತೋಡಿನ ಸೇತುವೆಯ ದಾರಿ ಬೇಡ, ಸುತ್ತಾದರೂ ಶಾಲೆಯ ಕಡೆಯಿಂದ ಹತ್ತಬೇಕು. ಮೊತ್ತ ಹತ್ತು ದಾಟಿ ಸಂಜೆಯಾಗುತ್ತಿದ್ದರೆ ಹನ್ನೆರಡಕ್ಕೆ ಕಾಯದೆ, ಬೆಳಕಿರುವಾಗಲೇ ಹೊರಡಬೇಕು.